ಹುಳ ಮುಟ್ಟಿದ ಶ್ರಾವಣ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಏನಾದರೊಂದು ನೆವ ಸಿಕ್ಕಿದೆ. ಒಮ್ಮೆ ಕನ್ನಡಕದ ಕಡ್ಡಿ ಮುರಿದಿತ್ತು. ಒಮ್ಮೆ ಮೊಮ್ಮಗಳ ಮದುವೆ ಬಂತು. ಒಮ್ಮೆ ಪೆನ್ನು ಸರಿಯಾಗಿ ಮೂಡುತ್ತಿಲ್ಲವೆಂದು ಎದ್ದುಬಿಟ್ಟೆ. ಅಂಗಡಿ ಮನೆಯ ಎದುರಿಗೇ ಇತ್ತು, ಹೋಗಲಿಲ್ಲ. ಹೀಗೆ ಮುಂದೂಡುತ್ತ ಬಂದವನಿಗೆ ಹೋದ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿಗೆ ಹೊರಟಿದ್ದೆ. ಅಕ್ಕಿಆಲೂರಿನಲ್ಲಿ ಬಸ್ಸು ನಿಂತಿತು. ಸಣ್ಣಗೆ ಮಳೆ. ಯಾರೋ ಕಿಟಕಿಯ ಗಾಜು ಸರಿಸಿದರು, ಅಕ್ಕಿ ಗಿರಣಿಯ ವಾಸನೆ ಒಳಗೆ ಬಂತು. ನೆನೆದ ಹೊಟ್ಟು, ಬಿಸಿ ತೌಡು, ಕಾದ ಬೆಲ್ಟು. ನನ್ನ ಮೈ ಬಸ್ಸಿನಲ್ಲೇ ಇತ್ತು, ಟಿಕೀಟು ಕೈಯಲ್ಲೇ ಇತ್ತು. ಆದರೆ ನಾನು ಕೆಲವು ವರ್ಷ ಹಿಂದಿನ ಶ್ರಾವಣದಲ್ಲಿ, ಅದೇ ಗಿರಣಿಯ ಮಾಳಿಗೆಯ ಕೋಣೆಯಲ್ಲಿ, ಕಿವಿಗೆ ಫೋನಿನ ಬಿರಡೆ ಸಿಕ್ಕಿಸಿಕೊಂಡು ಕೂತಿದ್ದೆ.

“ಯಜಮಾನ್ರ, ಇಲ್ಲೇ ಇಳೀತೀರೇನ್ರಿ?” ಎಂದ ಕಂಡಕ್ಟರ್. ಬಹುಶಃ ಎದ್ದು ನಿಂತಿದ್ದೆ.

“ಇಲ್ಲಪಾ, ಕುಂದರ್ತೇನಿ,” ಎಂದೆ.

ನಾನು ಹತ್ತನೆಯ ಇಯತ್ತೆಯವರೆಗೆ ಓದಿದವನು. ದುಡಿಮೆಯ ಕಾಲವನ್ನೆಲ್ಲ ಬಸ್ ನಿಲ್ದಾಣದ ಕಂಟ್ರೋಲರ್ ಆಗಿ, ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತ ಕಳೆದೆ. ನಿವೃತ್ತಿಯಾದ ಮೇಲೆ ಒಂದು ಧರ್ಮಸಂಸ್ಥೆಯವರು ಕರೆದರು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ತಾಲೂಕುಗಳಿಗೆ ಅವರು ಪುಕ್ಕಟೆ ಆಂಬುಲೆನ್ಸ್ ಓಡಿಸುತ್ತಿದ್ದರು. ಗಾಡಿಗಳು ಇದ್ದದ್ದು ಮೂರೇ, ಕಚೇರಿ ಅಕ್ಕಿಆಲೂರಿನ ಆ ಗಿರಣಿಯ ಮಾಳಿಗೆಯಲ್ಲಿ. ಕರೆ ಬಂದರೆ ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ಹೇಳಲು ರಸ್ತೆಗಳ ಗುರುತಿದ್ದ ಮನುಷ್ಯ ಬೇಕಾಗಿದ್ದ. ಯಾವ ಹಳ್ಳಕ್ಕೆ ಎಷ್ಟು ಮಳೆಗೆ ನೀರು ಬರುತ್ತದೆ, ಯಾವ ತಿರುವಿನಲ್ಲಿ ಗಾಡಿ ಹೂತುಕೊಳ್ಳುತ್ತದೆ ಎಂಬುದು ನನಗೆ ಬಾಯಿಪಾಠ. ಒಪ್ಪಿಕೊಂಡೆ.

ಮೊದಲ ವರ್ಷ ಫೋನು ಎತ್ತುವವನೂ ನಾನೇ, ತೀರ್ಮಾನ ಮಾಡುವವನೂ ನಾನೇ. ಒಂದು ದಿನ ಒಂದೇ ಹೊತ್ತಿಗೆ ಎರಡು ಕರೆ ಬಂದವು. ಹತ್ತಿರ ಇದ್ದದ್ದು ಒಂದೇ ಗಾಡಿ. ಒಂದು ಕಡೆ ಕಳಿಸಿದೆ. ಇನ್ನೊಂದು ಕಡೆ, ಹಿರೇಕೆರೂರ ತಾಲೂಕಿನ ಒಬ್ಬ ಮುದುಕಿ ಮನೆಯ ಕಟ್ಟೆಯ ಮೇಲೆ ಗಾಡಿಯ ದಾರಿ ನೋಡುತ್ತಲೇ ತೀರಿಕೊಂಡಳು. ಮುಂದಿನ ಸಂತೆಯಲ್ಲಿ ಅವಳ ಮಗ ನನ್ನ ಕೊರಳಪಟ್ಟಿ ಹಿಡಿದ. ಹೊಡೆಯಲಿಲ್ಲ. “ನಮ್ಮವ್ವ ನಿನಗ ಏನ್ ಮಾಡಿದ್ಲೋ?” ಎಂದು ಕೇಳಿದ, ಅಷ್ಟೇ. ಕೈ ಬಿಟ್ಟು ಹೋದ. ಅಂಗಿಯ ಮಡಿಕೆ ಸರಿಮಾಡಿಕೊಂಡು ಮನೆಗೆ ಬಂದೆ. ಆ ಮೇಲೆ ನನಗೆ ನಿದ್ದೆ ಹತ್ತುವುದೇ ಕಷ್ಟವಾಯಿತು.

ಮರುವರ್ಷದ ಮುಂಗಾರಿನಲ್ಲಿ ಯಂತ್ರ ಬಂತು. ಯಂತ್ರ ಎಂದರೆ ನಮಗೆ ಕಾಣುತ್ತಿದ್ದುದು ಒಂದು ಪರದೆ, ಕೇಳುತ್ತಿದ್ದುದು ಒಂದು ಹೆಣ್ಣುದನಿ. ಫೋನು ಅದೇ ಎತ್ತುತ್ತಿತ್ತು. ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಿತ್ತು. ಉತ್ತರ ಕೇಳಿ ಕರೆಗೆ ಬಣ್ಣ ಹಚ್ಚುತ್ತಿತ್ತು. ಕೆಂಪು ಎಂದರೆ ಈಗಲೇ ಗಾಡಿ. ಹಳದಿ ಎಂದರೆ ಬೇಗ. ಹಸಿರು ಎಂದರೆ ಸರದಿ ಬಂದಾಗ. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ಬಣ್ಣ ತಪ್ಪೆನಿಸಿದರೆ ಒಂದು ಗುಂಡಿ ಒತ್ತಿ ಬದಲಿಸಬೇಕು. ಒತ್ತದಿದ್ದರೆ ಒಪ್ಪಿದಂತೆ. ಅಂದರೆ ನಾನು ಸುಮ್ಮನೆ ಕೂತರೂ ನನ್ನ ಕೆಲಸ ಆಗುತ್ತಿತ್ತು.

ಶಿಗ್ಗಾಂವದ ಗಾಡಿಯ ಡ್ರೈವರ್ ಮೌಲಾಸಾಬ ಅದಕ್ಕೆ ‘ಶಾಣ್ಯಾಕಿ’, ಅಂದರೆ ಜಾಣೆ, ಎಂದು ಹೆಸರಿಟ್ಟ. ಸವಣೂರಿನವನು, ಬಾಯಿ ತುಂಬ ಎಲೆ ಅಡಿಕೆ, ಮಾತು ತುಂಬ ಚೇಷ್ಟೆ.

“ಏನಂತಾಳ್ರಿ ಮಾಮಾ ನಿಮ್ಮ ಶಾಣ್ಯಾಕಿ?”

“ದುಂಡಸಿ ಹಾದಿ ಬಿಟ್ಟು ಆ ಕಡೆ ಸುತ್ತು ಹೊಡಿ ಅಂತಾಳ.”

“ಹಳ್ಳ ಬಂದಿದ್ದು ಆಕಿಗೆ ಹೆಂಗ ಗೊತ್ತಾತ್ರಿ?”

“ನಿನಗಿಂತ ಮೊದಲ ಗೊತ್ತಾಗೈತಿ.”

“ಹಂಗಾರ ಆಕಿನ್ನ ಲಗ್ನ ಆಗಬೇಕಿತ್ತ ಬಿಡ್ರಿ. ನಮ್ಮಾಕಿಗೆ ನಾ ಮನ್ಯಾಗ ಇದ್ರೂ ಗೊತ್ತಾಗಂಗಿಲ್ಲ.”

ನಗುತ್ತಿದ್ದೆವು. ಆದರೆ ಶಾಣ್ಯಾಕಿಯ ಮೇಲೆ ನನಗೆ ನಿಜವಾದ ಗೌರವ ಹುಟ್ಟಿತ್ತು. ಒಮ್ಮೆ ಹಿರೇಕೆರೂರ ಕಡೆಯ ಒಬ್ಬ ಅತ್ತೆ ಫೋನು ಮಾಡಿ, ತನ್ನ ಬಸುರಿ ಸೊಸೆಗೆ “ತಲಿ ಸಿಡ್ಯಾಕತ್ತೈತಿ, ಕಣ್ಣು ಮಂಜ ಆಗ್ಯಾವ” ಎಂದಳು. ನಾನಾಗಿದ್ದರೆ ತಲೆನೋವೆಂದು ಸರದಿಗೆ ಹಾಕುತ್ತಿದ್ದೆ. ಅದು ಕೆಂಪು ಹಚ್ಚಿತು. ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆ ದಿನ ಪರದೆಯ ಮುಂದೆ ನಾನು ಕೈ ಮುಗಿದಿದ್ದೇನೆ, ಯಾರೂ ಇಲ್ಲದಾಗ.

ಆ ಮಳೆಗಾಲ ನನ್ನ ಮನಸ್ಸಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನದಂತೆ ಉಳಿದಿದೆ. ಕೆಳಗೆ ಗಿರಣಿ ಗುಂಯ್‌ಗುಡುತ್ತಿತ್ತು. ಅದರ ನಡುಕ ಹಲಗೆಯ ನೆಲದಿಂದ ಅಂಗಾಲಿಗೆ ಹತ್ತಿ ಮೈಯೆಲ್ಲ ಜೋಗುಳ ಹಾಡಿದಂತೆ ಆಗುತ್ತಿತ್ತು. ಕಿಟಕಿಯ ಆಚೆ ಗದ್ದೆಗಳು ಹಸಿರೋ ಬೂದಿಯೋ ತಿಳಿಯದ ಬಣ್ಣದಲ್ಲಿ ಮಳೆಯೊಳಗೆ ಕರಗಿ ನಿಂತಿರುತ್ತಿದ್ದವು. ಪರದೆಯ ಮೇಲೆ ನಾಲ್ಕು ತಾಲೂಕಿನ ನಕಾಶೆ, ಅದರಲ್ಲಿ ನಮ್ಮ ಗಾಡಿಗಳು ಪುಟ್ಟ ಬೆಳಕಿನ ಚುಕ್ಕೆಗಳಾಗಿ ತೇಲುತ್ತಿದ್ದವು. ಅವು ಯಾರದೋ ಮನೆಯ ಮುಂದೆ ನಿಲ್ಲುವುದು, ಮತ್ತೆ ಹೊರಡುವುದು, ಎಲ್ಲ ಸದ್ದಿಲ್ಲದೆ. ಯಾರು ಅಳುತ್ತಿದ್ದಾರೆ, ಯಾರ ಕೈ ನಡುಗುತ್ತಿದೆ, ಒಂದೂ ಮೇಲೆ ಬರುತ್ತಿರಲಿಲ್ಲ. ಕಿವಿಯಲ್ಲಿ ಆ ಹೆಣ್ಣುದನಿ, ಯಾವಾಗಲೂ ಒಂದೇ ಸಮ. ನಾನು ಎಚ್ಚರ ಇರುತ್ತಿದ್ದೆ. ಆದರೆ ಎಚ್ಚರದ ಒಳಗೇ ಎಲ್ಲೋ ಮಲಗಿರುತ್ತಿದ್ದೆ.

ಮನೆಯಲ್ಲಿ ನನ್ನ ಹೆಂಡತಿ ಒಂದು ಬೆಳಿಗ್ಗೆ ಚಹಾ ಕೊಡುತ್ತ, “ಈಗೀಗ ಗೊರಕಿ ಹೊಡ್ಯಾಕತ್ತೀರಿ ನೋಡ್ರಿ, ನನಗ ನಿದ್ದಿ ಇಲ್ಲ,” ಎಂದಳು. ಹೇಳಿದ್ದು ದೂರು, ಆದರೆ ಮುಖದಲ್ಲಿ ಸಮಾಧಾನವಿತ್ತು.

ಪಂಚಮಿಯ ಹಿಂದಿನ ದಿನ. ಬೆಳಿಗ್ಗೆಯಿಂದ ಜಿಟಿಜಿಟಿ. ಅಕ್ಕಿಆಲೂರಿನ ಓಣಿಗಳಲ್ಲಿ ಎಳ್ಳು ಹುರಿಯುವ ವಾಸನೆ, ಮರಗಳಿಗೆ ಜೋಕಾಲಿಯ ಹಗ್ಗ ಬಿಗಿಯುವ ಗಲಾಟೆ. ತವರಿಗೆ ಬಂದ ಹೆಣ್ಣುಮಕ್ಕಳ ನಗು ಮಾಳಿಗೆಯವರೆಗೂ ಕೇಳುತ್ತಿತ್ತು. ಹಾನಗಲ್ಲ ಗಾಡಿ, ಹಿರೇಕೆರೂರ ಗಾಡಿ ಎರಡೂ ದೂರ ಹೋಗಿದ್ದವು. ಮಧ್ಯಾಹ್ನದ ಹೊತ್ತಿಗೆ ಸವಣೂರಿನಿಂದ ಕರೆ ಬಂತು. ಒಬ್ಬರಿಗೆ ಎದೆನೋವು, ಬೆವರು, ಎಡಗೈ ಸೆಳೆತ. ಶಾಣ್ಯಾಕಿ ಕೆಂಪು ಹಚ್ಚಿದಳು. ಮೌಲಾಸಾಬನ ಗಾಡಿ ಶಿಗ್ಗಾಂವದಿಂದ ಸವಣೂರ ದಾರಿ ಹಿಡಿಯಿತು. ಚುಕ್ಕೆ ಸರಿಯುವುದನ್ನು ನಾನು ನೋಡುತ್ತಿದ್ದೆ.

ಆಗ ಇನ್ನೊಂದು ಕರೆ. ಶಿಗ್ಗಾಂವ ತಾಲೂಕಿನ, ದುಂಡಸಿಯಿಂದ ಇನ್ನೂ ಒಳಗಿನ ಒಂದು ಹಳ್ಳಿ. ಮಾತಾಡಿದ್ದು ಹಬ್ಬಕ್ಕೆಂದು ತವರಿಗೆ ಬಂದಿದ್ದ ಮಗಳು. ಅವಳ ಅಪ್ಪ ದನಗಳಿಗೆ ಹುಲ್ಲು ಕೊಯ್ಯಲು ಹೊಲದ ಬದುವಿಗೆ ಹೋಗಿದ್ದ. ಪಂಚಮಿಯ ದಿನ ಕುಡುಗೋಲು ಮುಟ್ಟುವಂತಿಲ್ಲ, ಹಾಗಾಗಿ ಮರುದಿನದ ಹುಲ್ಲನ್ನೂ ಅಂದೇ ಕೊಯ್ಯುತ್ತಿದ್ದ.

“ನಮಸ್ಕಾರ. ಏನು ತೊಂದರೆಯಾಗಿದೆ ಎಂದು ತಿಳಿಸಿ,” ಎಂದಿತು ಯಂತ್ರ.

“ನಮ್ಮಪ್ಪಗ ಹುಳ ಮುಟ್ಟೈತ್ರಿ. ಲಗೂನ ಗಾಡಿ ಕಳಸ್ರಿ.”

“ಯಾವ ಹುಳು ಕಚ್ಚಿದೆ? ಜೇನು, ಚೇಳು, ಅಥವಾ ಬೇರೆ ಯಾವುದಾದರೂ?”

“ಅವಲ್ರೀ. ಹುಳಾರೀ… ಉದ್ದಂದು. ಬದುವಿನ್ಯಾಗ ಇತ್ತಂತ.”

“ಹಾವು ಕಚ್ಚಿದೆಯೇ?”

“ಅಯ್ಯ, ಬ್ಯಾಡ್ರೀ! ನಾಳೆ ಪಂಚಮಿ, ಹೆಸರ ಎತ್ತಬ್ಯಾಡ್ರಿ. ಬಿಡ್ತು ಅನ್ರಿ!”

“ಧನ್ಯವಾದ. ರೋಗಿ ಮಾತನಾಡುತ್ತಿದ್ದಾರೆಯೇ?”

“ಮಾತಾಡಾಕತ್ತಾನ್ರಿ. ರೆಪ್ಪಿ ಭಾರ ಆಗ್ಯಾವ, ನಿದ್ದಿ ಬಂದಂಗ ಆಗೈತಿ ಅಂತಾನ.”

“ಗಾಯವನ್ನು ಸಾಬೂನಿನಿಂದ ತೊಳೆಯಿರಿ. ರೋಗಿಗೆ ವಿಶ್ರಾಂತಿ ಕೊಡಿ. ವಾಹನ ಸರದಿಯಂತೆ ಬರುತ್ತದೆ. ದಯವಿಟ್ಟು ಅಲ್ಲಿಯೇ ಕಾಯಿರಿ.”

“ಕಾಯ್ತೇವ್ರೀ,” ಎಂದಳು. ಆಮೇಲೆ ಹಿಂದಕ್ಕೆ ತಿರುಗಿ, “ಬರ್ತೈತಂತಪ್ಪಾ, ಗಾಡಿ ಬರ್ತೈತಂತ,” ಎಂದದ್ದೂ ನನಗೆ ಕೇಳಿಸಿತು.

ಪರದೆಯ ಮೇಲೆ ಅಕ್ಷರ ಮೂಡಿದವು. ಕೀಟ ಕಡಿತ. ಹಾವು: ಇಲ್ಲ. ಹಸಿರು.

ನಾನು ಇಲ್ಲಿ ಹುಟ್ಟಿ ಬೆಳೆದವನು. ಸಣ್ಣವನಿದ್ದಾಗ ಒಂದು ಸಂಜೆ ಹಿತ್ತಲಿನಿಂದ ಓಡಿ ಬಂದು “ಹಾವು” ಎಂದು ಕೂಗಿದ್ದಕ್ಕೆ ನನ್ನ ಅವ್ವ ಬಾಯಿಗೆ ರಪ್ಪನೆ ಬಡಿದಿದ್ದಳು. “ಹುಳ ಅನ್ನೋ! ಬಿಡ್ತು ಅನ್ನು!” ಎಂದು ಅನ್ನಿಸಿಯೇ ಬಿಟ್ಟಿದ್ದಳು. ನಮ್ಮ ಕಡೆ ಅದು ಕಚ್ಚುವುದಿಲ್ಲ, ಮುಟ್ಟುತ್ತದೆ. ಅದಕ್ಕೆ ಹೆಸರಿಲ್ಲ. ಅದರಲ್ಲೂ ಪಂಚಮಿಯ ಹಿಂದುಮುಂದು ಅದರ ಹೆಸರನ್ನು ಯಾವ ಹೆಣ್ಣುಮಗಳೂ ಬಾಯಿಂದ ಎತ್ತುವುದಿಲ್ಲ. ತವರಿನ ಒಳಿತಿಗೆ ಹಾಲೆರೆಯಲು ಬಂದವಳು ಹೇಗೆ ಎತ್ತಿಯಾಳು? ಆಕೆ ಬೇಡ ಎಂದದ್ದು ಆ ಹೆಸರನ್ನು. ಶಾಣ್ಯಾಕಿ ಅದನ್ನು ‘ಇಲ್ಲ’ ಎಂದು ಬರೆದುಕೊಂಡಳು. ರೆಪ್ಪೆ ಭಾರ ಎಂಬ ಮಾತು ಕೇಳಿದೊಡನೆ ನನಗೆ ಖಾತ್ರಿಯಾಯಿತು. ನಾಗರ ಮುಟ್ಟಿದವರಿಗೆ ಮೊದಲು ಬರುವುದೇ ಆ ನಿದ್ದೆ.

ಗುಂಡಿ ನನ್ನ ಬೆರಳಿನ ಹತ್ತಿರವೇ ಇತ್ತು. ಒತ್ತಿದರೆ ಮೌಲಾಸಾಬನ ಗಾಡಿ ತಿರುಗಬೇಕು. ಆಗ ಸವಣೂರಿನ ಆ ಮನುಷ್ಯನ ಗತಿ ಏನು? ಮತ್ತೆ ನಾನೇ ಆರಿಸಬೇಕಾಗುತ್ತಿತ್ತು. ಇದನ್ನು ಬಹಳ ದಿನ ನನ್ನ ನೆಪವಾಗಿ ಇಟ್ಟುಕೊಂಡಿದ್ದೆ. ಆದರೆ ಗಾಡಿ ತಿರುಗಿಸುವ ಅಗತ್ಯವೇ ಇರಲಿಲ್ಲ. ನಾನು ಆಕೆಗೆ ಒಂದು ಫೋನು ಮಾಡಿ, “ತಂಗೀ, ಗಾಡಿ ಕಾಯಬ್ಯಾಡ, ಯಾರದರ ಟ್ರ್ಯಾಕ್ಟರ್ ತಗೊಂಡು ಶಿಗ್ಗಾಂವಕ್ಕ ಹೊಂಡ್ರಿ,” ಎಂದಿದ್ದರೆ ಸಾಕಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ವಿಷಕ್ಕೆ ಔಷಧ ಇತ್ತು. ಅವರ ಓಣಿಯಲ್ಲಿ ಟ್ರ್ಯಾಕ್ಟರೂ ಇತ್ತಂತೆ. ಯಂತ್ರ ಕಾಯಿರಿ ಎಂದಿತು, ಅವರು ಕಾದರು.

ನಾನು ಯಾಕೆ ಮಾಡಲಿಲ್ಲ? ಯಂತ್ರ ಹಾವೇ ಎಂದು ಬಾಯಿಬಿಟ್ಟು ಕೇಳಿತಲ್ಲ, ನನಗಿಂತ ಹೆಚ್ಚು ತಿಳಿದದ್ದು ಹಸಿರು ಎನ್ನುತ್ತಿದೆಯಲ್ಲ ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ನಿಜ ಹೇಳುವುದಾದರೆ, ಹಸಿರು ಕಂಡಾಗ ನನಗೆ ಹಿತವಾಯಿತು. ಗಿರಣಿ ಗುಂಯ್‌ಗುಡುತ್ತಿತ್ತು, ಮಳೆ ಬೀಳುತ್ತಿತ್ತು, ತೀರ್ಮಾನ ಆಗಿಹೋಗಿತ್ತು, ಮಾಡಿದವನು ನಾನಲ್ಲ. ಆ ಹಿತವನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಮತ್ತೆ ಕರೆ ಮಾಡಿದಳು. “ಗಾಡಿ ಎಲ್ಲಿ ಬಂತ್ರೀ?” ಸರದಿಯಲ್ಲಿದೆ ಎಂದಿತು ಯಂತ್ರ. ಮತ್ತೆ ಮಾಡಿದಾಗ ದನಿ ಬೇರೆಯಾಗಿತ್ತು. “ನಮ್ಮಪ್ಪ ಮಾತಾಡವಲ್ಲರೀ. ಕಣ್ಣ ತೆರೀವಲ್ಲ.” ಶಾಣ್ಯಾಕಿ ಆ ಕ್ಷಣವೇ ಕೆಂಪಾದಳು. ಸವಣೂರಿನವರನ್ನು ಆಸ್ಪತ್ರೆಗೆ ಇಳಿಸಿ ಮೌಲಾಸಾಬ ಸುತ್ತು ದಾರಿಯಲ್ಲಿ ಹೊಡೆದುಕೊಂಡು ಹೋದ. ಅವನು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಜನ ನೆರೆದಿದ್ದರು.

ಸವಣೂರಿನವರು ಬದುಕಿದರು. ಅವರ ಮನೆಯವರು ಹಬ್ಬ ಮುಗಿದ ಮೇಲೆ ವೀಳ್ಯದೆಲೆಯ ಪೆಂಡಿ ಹಿಡಿದು ಕೈಮುಗಿಯಲು ಬಂದರು. ನಾನು ತೆಗೆದುಕೊಂಡೆ. ಎಲೆ ಹಾಕಿಕೊಂಡೆ ಕೂಡ.

ಆ ಹೊತ್ತಿಗೆ ಸಂಸ್ಥೆಯವರು ವಿಚಾರಣೆಗೆ ಕರೆದರು. ಅದೇ ಮಾಳಿಗೆಯ ಮೇಲೆ, ಬೆಂಚಿನಲ್ಲಿ ಕರೆ ಮಾಡಿದವಳು, ಪಕ್ಕದಲ್ಲಿ ಆಕೆಯ ಅಣ್ಣ. ನಮ್ಮ ಮ್ಯಾನೇಜರ್ ಬೇರೆ ಸೀಮೆಯ ಪಟ್ಟಣದಲ್ಲಿ ಬೆಳೆದ ಹುಡುಗ, ಕೆಟ್ಟವನಲ್ಲ. ಧ್ವನಿಮುದ್ರಿಸಿಟ್ಟ ಕರೆಯನ್ನು ಕೇಳಿಸಿದ. ಆ ದನಿಗಳು ಮತ್ತೆ ಕೋಣೆಯಲ್ಲಿ ಓಡಾಡಿದವು. ‘ಹಾವು ಕಚ್ಚಿದೆಯೇ’ ಎಂಬುದಕ್ಕೆ ‘ಅಯ್ಯ, ಬ್ಯಾಡ್ರೀ’ ಎಂಬುದು ಬಂದಾಗ ಅಣ್ಣ ತಲೆ ಎತ್ತಿದ.

“ಕೇಳಿದ್ರೂ ಬ್ಯಾಡ ಅಂದೀಯೇನ? ಹೌದು ಅನ್ನಾಕ ನಿನ್ನ ನಾಲಿಗಿ ಸವೀತಿತ್ತಾ?”

“ನಾ ಹೇಳಿದ್ದೆನಲ್ಲೋ ಅಣ್ಣಾ. ಹುಳ ಮುಟ್ಟೈತಿ ಅಂತ ಮೊದಲ ಮಾತಿಗೇ ಹೇಳಿದ್ದೆ. ಪಂಚಮಿ ಹೊತ್ತಿನ್ಯಾಗ ಮತ್ತ ಹೆಂಗ ಅನ್ನಲಿ?”

ಮ್ಯಾನೇಜರ್ ನನ್ನ ಕಡೆ ತಿರುಗಿದ. “ನಿಮ್ಮ ಕಡೆ ಹುಳ ಅಂದ್ರೆ ಹಾವು ಅಂತ ಅರ್ಥನಾ, ಕಂಟ್ರೋಲರ್ ಸರ್? ನಿಮಗೆ ಆವಾಗ ಗೊತ್ತಾಯ್ತಾ?”

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಕೆ ನೋಡುತ್ತಿದ್ದ ರೀತಿ ಬೇರೆ. ನನ್ನ ವಯಸ್ಸು, ಹಣೆಯ ವಿಭೂತಿ, ನನ್ನ ಮಾತು, ಎಲ್ಲ ಅವಳಿಗೆ ತನ್ನ ಊರಿನ ಹಿರಿಯನಂತೆ ಕಂಡಿರಬೇಕು. ಇವರು ಹೇಳುತ್ತಾರೆ ಎಂಬ ಧೈರ್ಯ ಅವಳ ಮುಖದಲ್ಲಿತ್ತು.

“ಹಂಗೂ ಅಂತಾರ್ರಿ,” ಎಂದೆ ನಾನು. “ಹುಳಕ್ಕೂ ಹುಳ ಅಂತಾರ್ರಿ. ಮಶೀನ್ ಕೇಳಾಕತ್ತಿತ್ತಲ್ರಿ, ನಾ ಅಷ್ಟು ಲಕ್ಷ್ಯ ಕೊಡಲಿಲ್ಲ.”

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕರೆ ಮಾಡಿದವರು ಸ್ಪಷ್ಟವಾಗಿ ತಿಳಿಸಲಿಲ್ಲ ಎಂದು ತೀರ್ಮಾನವಾಯಿತು. ಅಣ್ಣ ಮೆಟ್ಟಿಲು ಇಳಿಯುವಾಗ ಅವಳಿಗಾಗಿ ನಿಲ್ಲಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಹಿಂದೆ ಇಳಿದಳು.

ಮೌಲಾಸಾಬ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, “ಹುಳ ಅಂದ್ರ ನಿಮಗ ಗೊತ್ತಿಲ್ಲೇನ್ರಿ?” ಎಂದ. ನಾನು ಪರದೆ ನೋಡುತ್ತ ಕೂತೆ. “ಬರ್ತೇನ್ರಿ, ಸಾಹೇಬ್ರ,” ಎಂದು ಹೊರಟ. ಅಂದಿನಿಂದ ಅವನು ನನ್ನನ್ನು ಮಾಮಾ ಎನ್ನಲಿಲ್ಲ.

ಆ ವಾರದಲ್ಲೇ ಯಂತ್ರಕ್ಕೆ ಆ ಮಾತು ಕಲಿಸಿದರು. ಅದು ಮತ್ತೆಂದೂ ತಪ್ಪಲಿಲ್ಲ. ಬದನೆಕಾಯಿಯಲ್ಲಿ ಹುಳ ಎಂದರೂ ಕೆಂಪಾಗುತ್ತಿತ್ತು ಎಂದು ಡ್ರೈವರುಗಳು ನಗುತ್ತಿದ್ದರು. ಆದರೆ ಹುಳ ಮುಟ್ಟಿದವರು ಎಷ್ಟೋ ಜನ ಉಳಿದದ್ದೂ ಹೌದು. ನಾನು ದೀಪಾವಳಿಗೆ ಮೊದಲೇ ಕೆಲಸ ಬಿಟ್ಟೆ. ಮಂಡಿನೋವು ಎಂದು ಹೇಳಿದೆ.

ಈಗ ಎಲ್ಲರೂ ಕೇಳುತ್ತಿರುತ್ತಾರೆ, ಜೀವ ಹೋಗುವ ಉಳಿಯುವ ಮಾತನ್ನು ಯಂತ್ರಕ್ಕೆ ಬಿಡಬಹುದೇ ಎಂದು. ಹೆಚ್ಚು ಓದಿದವರು ಏನಾದರೂ ಹೇಳಲಿ. ನಾನು ಕಂಡದ್ದು ಇಷ್ಟು. ಅದಕ್ಕೆ ಆ ಮಾತು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕಲಿಸಿದ ಕೂಡಲೇ ಅದು ತಿದ್ದಿಕೊಂಡಿತು, ನಾನು ಇಂದಿಗೂ ತಿದ್ದಿಕೊಂಡಿಲ್ಲ. ಅದು ನನಗಿಂತ ಚೆನ್ನಾಗಿ ತೀರ್ಮಾನ ಮಾಡಬಹುದು, ಎಷ್ಟೋ ಸಲ ಮಾಡಿದ್ದನ್ನು ನೋಡಿದ್ದೇನೆ. ಆದರೆ ಅದಕ್ಕೆ ಅಂಗಿ ಇಲ್ಲ, ಕೊರಳಪಟ್ಟಿ ಇಲ್ಲ. ಅಪ್ಪನನ್ನು ಕಳೆದುಕೊಂಡವಳು ಬಂದು ಯಾರನ್ನು ಹಿಡಿದು ಕೇಳಬೇಕು? ಹಿಡಿಯಲು ಅಲ್ಲಿ ಒಬ್ಬ ಮನುಷ್ಯ ಇರಬೇಕೆಂದೇ ನನ್ನನ್ನು ಕೂಡಿಸಿದ್ದರು. ನಾನು ಆ ಕುರ್ಚಿಯಲ್ಲಿ ಕೂತು, ಇಲ್ಲದವನ ಹಾಗೆ ಇದ್ದೆ. ಯಂತ್ರದಲ್ಲಿ ನನಗೆ ಹಿಡಿಸಿದ್ದೂ ಅದೇ, ಅದರ ಹಿಂದೆ ಮಲಗಲು ಜಾಗವಿತ್ತು.

ಹೋದ ವರ್ಷ ಶಿಗ್ಗಾಂವದ ನಿಲ್ದಾಣದಲ್ಲಿ ಮೌಲಾಸಾಬ ಸಿಕ್ಕಿದ್ದ. ಕೇಳದಿದ್ದರೂ ಅವನೇ ಹೇಳಿದ. “ಆ ಹುಡುಗೀನ್ನ ಅವರಣ್ಣ ಪಂಚಮಿಗೆ ಕರಿಯಾಕ ಹೋಗಂಗಿಲ್ಲಂತ್ರಿ. ಅಪ್ಪನ್ನ ತಿಂದಾಕಿ ಅಂತಾನಂತ.” ದುಂಡಸಿಯ ಬಸ್ಸು ಎದುರಿಗೇ ನಿಂತಿತ್ತು. ಅದು ಹೊರಡುವ ತನಕ ನಾನು ಅಲ್ಲೇ ನಿಂತೆ. ಹತ್ತಲಿಲ್ಲ. 

ಮತ್ತೆ ಶ್ರಾವಣ ಬರುತ್ತಿದೆ. ಈ ಬರಹ ಆ ಅಣ್ಣನ ಕಣ್ಣಿಗೆ ಬೀಳಲಿ, ಬೀಳದಿದ್ದರೆ ಓದಿದವರು ಯಾರಾದರೂ ಅವನಿಗೆ ಓದಿ ಹೇಳಲಿ. ತಮ್ಮಾ, ನಿನ್ನ ತಂಗಿ ಹೇಳಬೇಕಾದ್ದನ್ನು ಹೇಳಬೇಕಾದ ರೀತಿಯಲ್ಲೇ ಹೇಳಿದಳು. ನಿನ್ನ ಅವ್ವ ಬದುಕಿದ್ದರೂ ಹಾಗೆಯೇ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡೆ. ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ, ಆಮೇಲೆ ನಿನ್ನ ಎದುರಿಗೇ ಸುಳ್ಳು ಹೇಳಿದೆ. ಹಿಡಿಯುವುದಿದ್ದರೆ ನನ್ನನ್ನು ಹಿಡಿ. ಅವಳನ್ನು ಈ ಸಲ ಹೋಗಿ ಕರೆದುಕೊಂಡು ಬಾ. ನಿನ್ನ ಮನೆಯ ಅಂಗಳಕ್ಕೆ ಅವಳು ಕಾಲಿಟ್ಟ ಸುದ್ದಿ ಸಿಕ್ಕಿದರೆ ನಾನೇ ಬರುತ್ತೇನೆ, ಅವಳ ಎದುರಿಗೆ ನಿಂತು ಇದನ್ನೆಲ್ಲ ಮತ್ತೆ ಹೇಳುತ್ತೇನೆ. ಅವಳು ಕ್ಷಮಿಸಬೇಕೆಂದು ಕೇಳುವ ಮುಖ ನನಗಿಲ್ಲ. ಇಷ್ಟು ದಿನ ನಾನು ಅವಳನ್ನು ಆಕೆ, ಆ ಹುಡುಗಿ, ಕರೆ ಮಾಡಿದವಳು ಎಂದೆಲ್ಲ ಮನಸ್ಸಿನಲ್ಲಿ ಅನ್ನುತ್ತ ಬಂದೆ. ಅವಳ ಹೆಸರು ರೇಣುಕಾ.